ಸೆರೆಯಿಂದ ಮರಳಿದವನಿಗೆ ಕಲ್ಲು ನೆಡದ ನಾಡು

1965ರ ಯುದ್ಧದ ಬಗ್ಗೆ ಕನ್ನಡ ನಾಡಿನಲ್ಲಿ ಮತ್ತೆ ಮತ್ತೆ ಹೇಳಿಸಿಕೊಳ್ಳುವ ಕತೆ ಕೊಡಗಿನ ಕಾರ್ಯಪ್ಪನವರ ಮನೆಯದು. ಸೆಪ್ಟೆಂಬರ್ 22ರಂದು, ಕದನವಿರಾಮಕ್ಕೆ ಇನ್ನು ಒಂದು ದಿನವೂ ಉಳಿದಿಲ್ಲದಾಗ, ವಾಯುಪಡೆಯ 20ನೇ ಸ್ಕ್ವಾಡ್ರನ್ನಿನ ಹಂಟರ್ ವಿಮಾನವೊಂದು ನೆಲದಿಂದ ಬಂದ ಗುಂಡಿನೇಟಿಗೆ ಉರುಳಿತು. ಹೊರಕ್ಕೆ ಚಿಮ್ಮಿದ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಬೆನ್ನುಮೂಳೆಗೆ ಪೆಟ್ಟಾಗಿ ಪಾಕಿಸ್ತಾನಿ ಸೈನಿಕರ ಕೈಗೆ ಸಿಕ್ಕರು. ತಂದೆ ಜನರಲ್ ಕೆ.ಎಂ. ಕಾರ್ಯಪ್ಪ ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ದೇಶ ಒಡೆಯುವ ಮೊದಲು ಅವರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷರು. ಮಗನನ್ನು ಬಿಟ್ಟು ಕಳಿಸುವ ಮಾತು ಬಂತು. ಸೆರೆಯಲ್ಲಿರುವ ಹುಡುಗರೆಲ್ಲ ತನ್ನ ಮಕ್ಕಳೇ, ಒಬ್ಬನಿಗೆ ಮಾತ್ರ ರಿಯಾಯಿತಿ ಬೇಡ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಆಗಸ್ಟ್ 15ರ ಭಾಷಣಗಳಲ್ಲಿ, ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಂದೇಶಗಳಲ್ಲಿ ಈ ಪ್ರಸಂಗ ಇಂದಿಗೂ ಓಡಾಡುತ್ತಿದೆ. ಓಡಾಡಬೇಕಾದದ್ದೇ.

ಆದರೆ ಈ ಕತೆಯಲ್ಲಿ ಯಾರು ಮಾತಾಡುತ್ತಾರೆ ಎಂದು ಗಮನಿಸಿ. ಅಪ್ಪ ಮಾತಾಡುತ್ತಾರೆ, ಅಯೂಬ್ ಖಾನ್ ಮಾತಾಡುತ್ತಾರೆ. ಸೆರೆಯಾದವನಿಗೆ ಒಂದು ಮಾತೂ ಇಲ್ಲ. 1966ರ ಜನವರಿ 22ರಂದು ಬಿಡುಗಡೆಯಾಗುವ ತನಕ ನಾಲ್ಕು ತಿಂಗಳು ಆ ಇಪ್ಪತ್ತೇಳರ ಯುವಕ ಹೇಗೆ ದಿನ ನೂಕಿದ, ಪೆಟ್ಟಾದ ಬೆನ್ನಿಗೆ ಎಂಥ ಚಿಕಿತ್ಸೆ ಸಿಕ್ಕಿತು, ವಿಚಾರಣೆಯಲ್ಲಿ ಏನು ಕೇಳಿದರು, ಪಕ್ಕದಲ್ಲಿ ಯಾರಿದ್ದರು ಎಂಬುದು ಕತೆ ಹೇಳುವವರಿಗೂ ಬೇಕಿಲ್ಲ, ಕೇಳುವವರಿಗೂ ಬೇಕಿಲ್ಲ. ಅದನ್ನೆಲ್ಲ ಅವರು ಹೇಳದೆ ಇದ್ದವರೂ ಅಲ್ಲ; ಸಂದರ್ಶನಗಳಲ್ಲಿ ಹೇಳಿದ್ದಾರೆ, ತಂದೆಯ ಜೀವನಚರಿತ್ರೆಯನ್ನೂ ಬರೆದಿದ್ದಾರೆ. ಅಯೂಬರ ಪತ್ನಿ ಮತ್ತು ಮಗ ನೋಡಲು ಬಂದಾಗ ಸಿಗರೇಟಿನ ಜತೆಗೆ ವುಡ್‌ಹೌಸ್ ಕಾದಂಬರಿಯನ್ನೂ ತಂದಿದ್ದರು ಎಂಬಂಥ ವಿವರಗಳೂ ಅವರ ನೆನಪಿನಲ್ಲಿವೆ. ಗಾಯ ವಾಸಿಯಾದ ಮೇಲೆ ಮತ್ತೆ ಹಾರಾಟಕ್ಕೆ ಮರಳಿ, ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು. ಇಷ್ಟಾದರೂ ಜನರ ಬಾಯಲ್ಲಿ ಅವರು ಇನ್ನೂ ‘ಕಾರ್ಯಪ್ಪನವರ ಮಗ’. ಪಕ್ಕದಲ್ಲಿ ದೊಡ್ಡ ಹೆಸರೊಂದು ಇದ್ದದ್ದರಿಂದ ಅವರ ಸೆರೆವಾಸ ಇಷ್ಟಾದರೂ ನೆನಪಿನಲ್ಲಿ ಉಳಿಯಿತು. ಅಂಥ ಹೆಸರು ಪಕ್ಕದಲ್ಲಿ ಇಲ್ಲದವರ ಗತಿ ಏನು ಎಂಬುದೇ ನನ್ನ ಪ್ರಶ್ನೆ.

ಹುಬ್ಬಳ್ಳಿಯ ಪೂರ್ವಕ್ಕಿರುವ ಶಿರಗುಪ್ಪಿಯ ಸುತ್ತಿನ ಎರೆಭೂಮಿಯಲ್ಲಿ ಕುಳಿತು ಈ ಪ್ರಶ್ನೆ ಕೇಳಿಕೊಂಡರೆ ಮೊದಲು ಕಣ್ಣಿಗೆ ಬೀಳುವುದು ವೀರಗಲ್ಲು. ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಹಳೆಯ ಗುಡಿಗಳ ಅಂಗಳದಲ್ಲೋ ಕೆರೆಯ ದಂಡೆಯಲ್ಲೋ ವೀರಗಲ್ಲು ಸಿಗುವುದು ಅಪರೂಪವಲ್ಲ. ಅದರ ಕ್ರಮ ಹೆಚ್ಚುಕಡಿಮೆ ಒಂದೇ: ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಮೇಲಕ್ಕೊಯ್ಯುವುದು, ಮೇಲೆ ಶಿವಸನ್ನಿಧಿ. ಕಲ್ಲು ಸಿಗಬೇಕಾದರೆ ಸಾಯಬೇಕು, ಅದೇ ಷರತ್ತು. ದನ ಬಿಡಿಸಲು ಹೋಗಿ ಸತ್ತವನಿಗೆ, ಊರ ಹೆಣ್ಣುಮಕ್ಕಳ ಸೆರೆ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲಿದೆ. ಆದರೆ ಬಿಡುಗಡೆಯಾಗಿ ಬಂದ ಆ ಹೆಣ್ಣುಮಗಳ ಹೆಸರನ್ನು ಕಲ್ಲು ಸಾಮಾನ್ಯವಾಗಿ ಹೇಳುವುದಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ನಡುವೆ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಒಂದು ಕಲ್ಲು ಸಿಕ್ಕಿತು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ಮರೆಯದ ಸಂಸ್ಕೃತಿ ದೊಡ್ಡದೇ. ಆದರೆ ಶತ್ರುವಿನ ಕೈಗೆ ಸಿಕ್ಕು, ಹಸಿದು, ರೋಗ ಬಿದ್ದು, ಹೇಗೋ ಜೀವ ಹಿಡಿದುಕೊಂಡು ಮರಳಿದ ಸೈನಿಕನನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅದಕ್ಕೆ ತೋಚಿದಂತಿಲ್ಲ.

ವೀರಗಲ್ಲಿನ ಕಾಲ ಮುಗಿದರೂ ಅದರ ಲೆಕ್ಕ ಮುಗಿಯಲಿಲ್ಲ. ಮೊದಲ ಮಹಾಯುದ್ಧದ ನಂತರ ಬ್ರಿಟಿಷ್ ಸರ್ಕಾರ ಹಿಂದುಸ್ತಾನದ ಹಲವು ಊರುಗಳಲ್ಲಿ ಸಣ್ಣ ಅಮೃತಶಿಲೆ ಫಲಕಗಳನ್ನು ಹಾಕಿಸಿತು. ಈ ಊರಿನಿಂದ ಇಷ್ಟು ಮಂದಿ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎನ್ನುವ ಎರಡು ಅಂಕಿ, ಅಷ್ಟೆ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಬದುಕಿ ಬಂದವರು ಸಿಗುತ್ತಾರೆ. ಕೈಕಾಲು ಕಳೆದುಕೊಂಡವರು, ಕಣ್ಣು ಹೋದವರು, ಎರಡೂವರೆ ವರ್ಷ ತುರ್ಕರ ಸೆರೆಯಲ್ಲಿ ಕೊಳೆತವರು ಎಲ್ಲರೂ ಈ ಕಳೆಯುವ ಲೆಕ್ಕದೊಳಗೇ ಇದ್ದಾರೆ. ಸತ್ತವರ ಪಾಡಾದರೂ ಎಷ್ಟು ಚೆನ್ನಾಗಿತ್ತು? ಇರಾಕಿನ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸಿಪಾಯಿಗಳ ಹೆಸರುಗಳನ್ನು ಕೊರೆದರು. ಹಿಂದುಸ್ತಾನಿಗಳಲ್ಲಿ ಅಧಿಕಾರಿಗಳ ಹೆಸರು ಕೊರೆದು, ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್‌ವಾರು ಬರೀ ಸಂಖ್ಯೆಯಾಗಿ ಬರೆದರು. ಈ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ತನ್ನ 2021ರ ವರದಿಯಲ್ಲಿ ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು. ಸತ್ತವನಿಗೇ ಹೆಸರು ಸಿಗಲು ನೂರು ವರ್ಷ ಬೇಕಾದರೆ ಬದುಕಿ ಬಂದವನ ಸರದಿ ಎಂದಿಗೆ?

ಇರಾಕಿನ ಹೆಸರು ಸುಮ್ಮನೆ ಎತ್ತಿದ್ದಲ್ಲ. ಅಲ್ಲಿನ ಕೂತ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ, 147 ದಿನ, ತುರ್ಕರ ಮುತ್ತಿಗೆಗೆ ಸಿಕ್ಕದ್ದು ಜನರಲ್ ಟೌನ್ಸೆಂಡ್ ಕೈಕೆಳಗಿನ ಆರನೇ ಪುಣೆ ಡಿವಿಜನ್. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ದಖ್ಖನ್, ಕೊಂಕಣದವರ ಜತೆ ಬೆಳಗಾವಿ ಸೀಮೆಯವರೂ ಸೇರುತ್ತಿದ್ದ ಮರಾಠಾ ಪಲ್ಟನ್‌ಗಳು, ಅಂದರೆ 103, 110 ಮತ್ತು 117ನೇ ಪಲ್ಟನ್‌ಗಳು, ಆ ಮುತ್ತಿಗೆಯೊಳಗಿದ್ದವು. ಯುದ್ಧ ಮುಗಿದ ಮೇಲೆ ಇವೇ ಮರಾಠಾ ಲೈಟ್ ಇನ್‌ಫೆಂಟ್ರಿಯ ಬೆಟಾಲಿಯನ್‌ಗಳಾದವು. ಅದರ ಕೇಂದ್ರ ಇಂದಿಗೂ ಬೆಳಗಾವಿಯಲ್ಲಿದೆ. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಕುದುರೆಗಳನ್ನು ಕೊಯ್ದು ಪಡಿ ಹಂಚಿದರು. ಧರ್ಮದ ಕಟ್ಟಿಗೆ ಅಂಜಿದ ಅನೇಕ ಸಿಪಾಯಿಗಳು ಅದನ್ನು ಮುಟ್ಟದೆ, ದಿನದಿನಕ್ಕೆ ಇಳಿಯುತ್ತಿದ್ದ ಜವೆ ಹಿಟ್ಟಿನಲ್ಲೇ ದಿನ ಕಳೆದು ಸೊರಗಿದರು. ಶರಣಾದಾಗ ಸುಮಾರು 13,000 ಮಂದಿ ಸೆರೆಯಾದರು. ಬಾಗ್ದಾದ್, ಮೋಸುಲ್ ದಾಟಿ ರಾಸ್-ಅಲ್-ಐನ್‌ವರೆಗೆ ಮರುಭೂಮಿಯ ಬಿಸಿಲಿನಲ್ಲಿ ನಡೆಸಿದರು; ಬಾಗ್ದಾದ್ ರೈಲುಹಾದಿಯ ಕೆಲಸಕ್ಕೆ ಹಚ್ಚಿದರು. ಸೆರೆಯಾದ ಬ್ರಿಟಿಷ್ ಸಿಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಲಿಲ್ಲ. ಹಿಂದುಸ್ತಾನಿಗಳಲ್ಲಿ ಸತ್ತವರು ಎರಡೂವರೆ ಸಾವಿರಕ್ಕೆ ಕಡಿಮೆಯಿಲ್ಲ ಎಂಬುದು ಸಾಮಾನ್ಯ ಅಂದಾಜು. ಟೌನ್ಸೆಂಡ್ ಸಾಹೇಬರು ಮಾತ್ರ ಆ ಅವಧಿಯ ಬಹುಪಾಲನ್ನು ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಸುಖವಾಗಿ ಕಳೆದರು. ಚರಿತ್ರೆಯ ಪುಸ್ತಕಗಳಲ್ಲಿ ಕೂತ್ ಎಂದರೆ ಇಂದಿಗೂ ಅವರ ಹೆಸರೇ ಮೊದಲು ಬರುವುದು.

ಬಂಗಾಳಿಗಳಿಗೆ ಕೂತ್ ಬೇರೆ ರೀತಿ ನೆನಪಿದೆ. ಬೆಂಗಾಲ್ ಆಂಬ್ಯುಲೆನ್ಸ್ ಕೋರ್‌ನಲ್ಲಿದ್ದ ಶಿಶಿರ್ ಸರ್ಬಾಧಿಕಾರಿ ಎಂಬ ಯುವಕ ಸೆರೆಯಲ್ಲೂ ಟಿಪ್ಪಣಿ ಬರೆದಿಟ್ಟುಕೊಂಡು, ಅದರ ಹಾಳೆಗಳನ್ನು ಬೂಟಿನೊಳಗೆ ಬಚ್ಚಿಟ್ಟು, 1950ರ ದಶಕದ ಕೊನೆಗೆ ‘ಅಭಿ ಲೇ ಬಾಗ್ದಾದ್’ ಎಂಬ ಪುಸ್ತಕವಾಗಿಸಿದರು. ಕೂತ್‌ನಲ್ಲಿ ಸಿಕ್ಕಿಬಿದ್ದು ಸೆರೆಯಲ್ಲೇ ತೀರಿಕೊಂಡ ವೈದ್ಯ ಕಲ್ಯಾಣ್ ಮುಖರ್ಜಿಯ ಪತ್ರಗಳನ್ನು ಅವರ ಅಜ್ಜಿ ಮೋಕ್ಷದಾ ದೇವಿ ಪುಸ್ತಕಕ್ಕೆ ಸೇರಿಸಿದರು. ಓದು ಬರಹ ಬಲ್ಲ ಇಬ್ಬರಿಂದ ಒಂದು ಭಾಷೆಗೆ ಆ ಮರುಭೂಮಿ ದಕ್ಕಿತು. ನಮ್ಮ ಕಡೆಯಿಂದ ಹೋದವರಲ್ಲಿ ಬಹಳಷ್ಟು ಮಂದಿ ಹೆಬ್ಬೆಟ್ಟಿನವರು. ಅವರ ನೆನಪು ಪುಸ್ತಕಕ್ಕೆ ಬರಬೇಕಾದರೆ ಬೇರೆ ಯಾರೋ ಅವರೆದುರು ಕೂತು ಕೇಳಬೇಕಾಗಿತ್ತು.

ಎರಡನೆಯ ಮಹಾಯುದ್ಧದಲ್ಲೂ ಇದೇ ಆಯಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಎರಡನೇ ಬೆಟಾಲಿಯನ್, ಪಲ್ಟನ್ನಿನವರ ಬಾಯಲ್ಲಿ ‘ಕಾಲಿ ಪಾಂಚ್ವೀ’, 1942ರ ಜೂನ್ 21ರಂದು ಲಿಬಿಯಾದ ತೊಬ್ರುಕ್ ಬಿದ್ದಾಗ ಸೆರೆಯಾಯಿತು. ಅದೇ ವರ್ಷ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸಿಕ್ಕ ಹತ್ತಾರು ಸಾವಿರ ಹಿಂದುಸ್ತಾನಿ ಸಿಪಾಯಿಗಳಲ್ಲಿ ಮೈಸೂರು ಸಂಸ್ಥಾನದ 1ನೇ ಇನ್‌ಫೆಂಟ್ರಿಯವರೂ ಇದ್ದರು. ಯೂರೋಪಿನ ಶಿಬಿರಗಳಲ್ಲಿದ್ದ ಹಿಂದುಸ್ತಾನಿ ಸೆರೆಯಾಳುಗಳ ಒಂದು ಸಾಹಸವಂತೂ ಸಿನಿಮಾಕ್ಕೆ ಮಾಡಿಸಿದಂತಿದೆ: 1944ರ ಮೇ 11ರಂದು ಫ್ರಾನ್ಸಿನ ಎಪಿನಾಲ್ ಮೇಲೆ ಅಮೆರಿಕದ ವಿಮಾನಗಳು ಬಾಂಬ್ ಹಾಕಿದಾಗ ಶಿಬಿರದ ಗೋಡೆ ಒಡೆದು, ಹೊರಬಿದ್ದವರಲ್ಲಿ ಸುಮಾರು 500 ಮಂದಿ ಫ್ರೆಂಚ್ ಹಳ್ಳಿಗರ ನೆರವಿನಿಂದ ನಡೆದೇ ಸ್ವಿಟ್ಜರ್‌ಲೆಂಡ್ ಮುಟ್ಟಿದರು. ಆ ವರ್ಷದ ಮಾರ್ಚ್‌ನಲ್ಲಿ ಜರ್ಮನ್ ಶಿಬಿರವೊಂದರ ಸುರಂಗದಿಂದ ತಪ್ಪಿಸಿಕೊಂಡ 76 ಮಂದಿ ವಾಯುಪಡೆ ಅಧಿಕಾರಿಗಳ ಬಗ್ಗೆ ಹಾಲಿವುಡ್ 1963ರಲ್ಲೇ ಚಿತ್ರ ತೆಗೆಯಿತು. ಅವರಲ್ಲಿ ಸುರಕ್ಷಿತ ನೆಲ ಸೇರಿದವರು ಮೂವರು. ಎಪಿನಾಲಿನ ಐನೂರು ಮಂದಿಯ ಕತೆ ಇಡೀ ಪುಸ್ತಕವಾಗಿ ಬರಲು ಎಂಬತ್ತು ವರ್ಷ ಹಿಡಿಯಿತು, ಬರೆದವರೂ ಇಂಗ್ಲೆಂಡಿನವರೇ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ; ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಕೈಯೆತ್ತಿದವನನ್ನೂ ಕಾದಾಡಿ ಸತ್ತವನನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಸತ್ತವನಿಗೆ ಅನ್ಯಾಯವಲ್ಲವೇ? ಸಾಲು ಒಂದೇ ಆಗಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಶರಣಾಗತಿಯ ತೀರ್ಮಾನ ಯಾರದು ಎಂದು ನೋಡಬೇಕು. ಕೂತ್‌ನಲ್ಲಿ ಅದು ಟೌನ್ಸೆಂಡರದು, ತೊಬ್ರುಕ್‌ನಲ್ಲಿ ಜನರಲ್ ಕ್ಲಾಪರ್‌ರದು, ಸಿಂಗಪುರದಲ್ಲಿ ಜನರಲ್ ಪರ್ಸಿವಲ್‌ರದು. ಸಿಪಾಯಿಗೆ ಬಂದದ್ದು ಬಂದೂಕು ಕೆಳಗಿಡು ಎಂಬ ಹುಕುಂ, ಅವನು ಪಾಲಿಸಿದ. ಹುಕುಂ ಪಾಲಿಸಿ ಮುನ್ನುಗ್ಗಿ ಸತ್ತರೆ ಶೌರ್ಯ, ಹುಕುಂ ಪಾಲಿಸಿ ಸೆರೆಹೋದರೆ ಕಳಂಕ ಎನ್ನುವುದು ಯಾವ ನ್ಯಾಯ? ಕಾನೂನು ಕೂಡ ಹಾಗೆ ನೋಡುವುದಿಲ್ಲ. ಭಾರತವೂ ಒಪ್ಪಿರುವ 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ಸೆರೆಯಾದವನು ಸೆರೆಯಲ್ಲೂ ಸೈನಿಕನೇ: ಹೆಸರು, ಹುದ್ದೆ, ಜನ್ಮದಿನ, ಸೈನಿಕ ಸಂಖ್ಯೆ ಇಷ್ಟನ್ನು ಬಿಟ್ಟರೆ ಅವನು ಬಾಯಿ ಬಿಡಬೇಕಾಗಿಲ್ಲ, ಅವನ ಹುದ್ದೆಗೆ ಮರ್ಯಾದೆ ಕೊಡಬೇಕು, ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರೂ ಅದಕ್ಕಾಗಿ ಶಿಸ್ತುಕ್ರಮಕ್ಕಿಂತ ಮಿಗಿಲಾದ ಶಿಕ್ಷೆ ಕೊಡುವಂತಿಲ್ಲ. ರಣರಂಗದ ಕೆಲಸ ಕೆಲವು ಗಂಟೆಗಳದೋ ದಿನಗಳದೋ ಆಗಿರಬಹುದು. ಸೆರೆಮನೆಯ ಕೆಲಸಕ್ಕೆ ಮುಗಿಯುವ ತಾರೀಖು ಗೊತ್ತಿರುವುದಿಲ್ಲ. ಹಸಿವಿನಲ್ಲಿ ಪಕ್ಕದವನ ಪಡಿ ಕದಿಯದೆ ಇರುವುದು, ಜ್ವರದವನನ್ನು ಹೊತ್ತು ನಡೆಸುವುದು, ಸತ್ತವನ ಹೆಸರು ಮರೆಯದೆ ಊರಿಗೆ ಮುಟ್ಟಿಸುವುದು ಇವೆಲ್ಲ ಆ ಕೆಲಸದ ಭಾಗ. ನಮ್ಮ ಪದಕಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಕಡಿಮೆ ಎಂದ ಮಾತ್ರಕ್ಕೆ ಇದು ಕೆಲಸವೇ ಅಲ್ಲ ಎನ್ನಲಾಗದು.

ಇನ್ನೊಂದು ಆಕ್ಷೇಪ ರಾಜಕೀಯದ್ದು. ಕೂತ್‌ಗೂ ತೊಬ್ರುಕ್‌ಗೂ ಹೋದವರು ಯಾರ ಯುದ್ಧ ಮಾಡಿದರು? ಬ್ರಿಟಿಷರದ್ದು. ಸಿಂಗಪುರದ ಸೆರೆಯಾಳುಗಳಲ್ಲಿ ಒಂದು ದೊಡ್ಡ ಪಾಲು ಆಜಾದ್ ಹಿಂದ್ ಫೌಜ್ ಸೇರಿತು, ಉಳಿದವರು ಸೇರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಫೌಜಿನವರಿಗೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಸಿಕ್ಕಿತು. ಸೇರದೆ ಉಳಿದವರಲ್ಲಿ ಸಾವಿರಾರು ಮಂದಿಯನ್ನು ಜಪಾನೀಯರು ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹೆಚ್ಚಿನವರು ಅಲ್ಲೇ ಸತ್ತರು. ಯಾರನ್ನು ನೆನೆಯಬೇಕು ಎಂಬ ಈ ಜಗಳಕ್ಕೆ ಕೊಡಗಿನ ಇನ್ನೊಂದು ಮನೆ ಉತ್ತರ ಕೊಡುತ್ತದೆ. ಮುಂದೆ ಜನರಲ್ ಆದ ಕೊಡಂದೇರ ತಿಮ್ಮಯ್ಯನವರ ಅಣ್ಣ ಪೊನ್ನಪ್ಪ ಸುಭಾಷರ ಫೌಜಿಗೆ ಸೇರಿದರು. ತಿಮ್ಮಯ್ಯನವರು ಬರ್ಮಾ ರಣರಂಗದಲ್ಲಿ ಬ್ರಿಟಿಷ್ ಹಿಂದುಸ್ತಾನಿ ಸೇನೆಯ ಬ್ರಿಗೇಡ್ ನಡೆಸಿದರು. ಒಂದೇ ಒಲೆಯ ಅನ್ನ ಉಂಡ ಅಣ್ಣತಮ್ಮಂದಿರು ಎದುರುಬದುರು ಪಾಳೆಯದಲ್ಲಿದ್ದರು, ಮತ್ತು ಇಬ್ಬರಲ್ಲಿ ಯಾರನ್ನೂ ದ್ರೋಹಿಯೆನ್ನದೆ ನಾಡು ಮುಂದೆ ಸಾಗಿತು. ಅದೇ ತಿಮ್ಮಯ್ಯನವರು 1953ರಲ್ಲಿ ಕೊರಿಯಾ ಯುದ್ಧಕೈದಿಗಳ ವಿಲೇವಾರಿಗೆ ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದರು. ತಾಯ್ನಾಡಿಗೆ ಮರಳಲು ಒಲ್ಲೆನೆಂದ 22,000ಕ್ಕೂ ಹೆಚ್ಚು ಸೆರೆಯಾಳುಗಳು ಭಾರತೀಯ ಪಡೆಯ ಕಾವಲಿನಲ್ಲಿದ್ದರು. ಕೊನೆಗೆ ಎರಡೂ ಕಡೆ ಬೇಡವೆಂದ 88 ಮಂದಿ 1954ರಲ್ಲಿ ಭಾರತಕ್ಕೇ ಬಂದರು. ಸೆರೆಯಾದವನಿಗೂ ಸ್ವಂತ ಮನಸ್ಸಿದೆ, ಅದನ್ನು ಅವನ ಬಾಯಿಂದಲೇ ಕೇಳಬೇಕು ಎಂಬ ತತ್ತ್ವದ ಮೇಲೆ ನಿಂತ ಕೆಲಸ ಅದು. ಕನ್ನಡ ನಾಡಿನ ಒಬ್ಬ ಜನರಲ್ ಚೀನೀಯರಿಗೂ ಕೊರಿಯನ್ನರಿಗೂ ಕೇಳಿದ ಪ್ರಶ್ನೆಯನ್ನು ನಾವು ನಮ್ಮ ಊರಿನ ಸಿಪಾಯಿಗಳಿಗೆ ಕೇಳಲಿಲ್ಲವೆನ್ನುವುದು ಸ್ವಲ್ಪ ಮುಜುಗರದ ವಿಷಯವೇ.

ಮುಪ್ಪಿನ ನೆನಪನ್ನು ನಂಬಬಹುದೇ ಎಂಬ ಅನುಮಾನವೂ ಇದೆ. ತೊಂಬತ್ತರ ಅಜ್ಜ ತಾರೀಖು ತಪ್ಪಬಹುದು, ಕೇಳಿದ್ದನ್ನು ಕಂಡದ್ದೆಂದು ಹೇಳಬಹುದು. ಸರಿ. ಆದರೆ ಸೆರೆಯಿಂದ ಬಂದವರು ಮಾತಾಡಲು ಶುರುಮಾಡುವುದೇ ಆ ವಯಸ್ಸಿನಲ್ಲಿ. ಬರ್ಮಾ ರೈಲುಹಾದಿಯಲ್ಲಿ ಜಪಾನೀಯರ ಕೈದಿಯಾಗಿ ದುಡಿದ ಸ್ಕಾಟ್ಲೆಂಡಿನ ಅಲಿಸ್ಟರ್ ಅರ್ಕ್‌ಹಾರ್ಟ್ ಆರು ದಶಕ ಬಾಯಿ ಬಿಗಿದುಕೊಂಡಿದ್ದು, ತನ್ನ ಪುಸ್ತಕ ತಂದದ್ದು 2010ರಲ್ಲಿ, ತೊಂಬತ್ತರ ಹೊಸ್ತಿಲಿನಲ್ಲಿ; ತೀರಿಕೊಂಡದ್ದು 2016ರಲ್ಲಿ, 97ಕ್ಕೆ. ಅದೇ ಹಾದಿಯಲ್ಲಿ ಚಿತ್ರಹಿಂಸೆ ಉಂಡ ಎರಿಕ್ ಲೋಮ್ಯಾಕ್ಸ್ ಅವರ ‘ದಿ ರೈಲ್ವೇ ಮ್ಯಾನ್’ ಬಂದದ್ದು ಯುದ್ಧ ಮುಗಿದು ಐವತ್ತು ವರ್ಷದ ಮೇಲೆ. ಅರವತ್ತಕ್ಕೇ ತೀರಿಕೊಂಡಿದ್ದರೆ ಇವರ ಕತೆ ನಮಗೆ ಸಿಗುತ್ತಿರಲಿಲ್ಲ. ದೀರ್ಘಾಯಸ್ಸು ಸ್ವತಃ ಸಾಧನೆಯೇನಲ್ಲ. ಆದರೆ ಇಂಥವರ ವಿಷಯದಲ್ಲಿ ದಾಖಲೆ ಹುಟ್ಟಲು ಅದೇ ಅವಕಾಶ. ತಪ್ಪಿದ ತಾರೀಖನ್ನು ಪಲ್ಟನ್ನಿನ ಕಾಗದ ನೋಡಿ ತಿದ್ದಬಹುದು. ಜ್ವರದಲ್ಲಿ ಪಕ್ಕದವನು ಯಾರ ಹೆಸರು ಕೂಗಿದ ಎಂಬುದು ಯಾವ ಪಲ್ಟನ್ನಿನ ಕಾಗದದಲ್ಲೂ ಇರುವುದಿಲ್ಲ.

ನಾವು ನೆನೆಯುವುದೇ ಇಲ್ಲವೆಂದೂ ಹೇಳಲಾಗದು. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹುದುಗಿದ್ದೂ ಜೀವಂತ ಸಿಕ್ಕಾಗ ಇಡೀ ದೇಶ ಉಸಿರು ಬಿಗಿಹಿಡಿದು ಕಾಯಿತು. ಫೆಬ್ರವರಿ 11ರಂದು ಅವರು ತೀರಿಕೊಂಡಾಗ ಹುಬ್ಬಳ್ಳಿಯಲ್ಲಿ ಸೇರಿದ ಜನಸಾಗರವನ್ನು ನೋಡಿದವರಾರೂ ಈ ಜಿಲ್ಲೆಗೆ ಸೈನಿಕರ ಮೇಲೆ ಅಭಿಮಾನವಿಲ್ಲ ಎನ್ನಲಾರರು. ಕೊರತೆ ಇರುವುದು ಬದುಕಿ ಉಳಿದವನನ್ನು ಏನು ಮಾಡಬೇಕೆಂಬ ತಿಳಿವಳಿಕೆಯಲ್ಲಿ. ನಮಗೆ ಗೊತ್ತಿರುವ ವಿಧಾನ ಒಂದೇ: ಸನ್ಮಾನ. ವೇದಿಕೆಗೆ ಹತ್ತಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿ, ನಂತರ ಶಾಸಕರು ಮಾತಾಡುತ್ತಾರೆ. ಮಾಜಿ ಸೈನಿಕನ ಕೈಗೆ ಮೈಕು ಬರುವುದು ಅಪರೂಪ. ಬಂದರೂ ಎರಡು ನಿಮಿಷಕ್ಕೆ. ಸೆರೆಯ ಕತೆ ಎರಡು ನಿಮಿಷದಲ್ಲಿ ಹೇಳುವಂಥದ್ದಲ್ಲ, ಮೈಕಿನ ಮುಂದೆ ಹೇಳುವಂಥದ್ದೂ ಅಲ್ಲ. ಅದರಲ್ಲಿ ನಾಚಿಕೆಯಿದೆ, ಭೇದಿಯಿದೆ, ಅತ್ತದ್ದಿದೆ, ಬೇಡಿ ತಿಂದದ್ದಿದೆ. ಜೈಕಾರದ ನಡುವೆ ಅವೆಲ್ಲ ಹೊರಬರಲಾರವು.

ಮಾಡಬಹುದಾದ ಕೆಲಸಕ್ಕೆ ಮಾದರಿಗಳಿವೆ. ಮೊದಲ ಮಹಾಯುದ್ಧಕ್ಕೆ ಹೋದ ಪಂಜಾಬಿನ ಸುಮಾರು 3,20,000 ಸೈನಿಕರ ಊರುವಾರು ದಾಖಲೆ ಲಾಹೋರ್ ವಸ್ತುಸಂಗ್ರಹಾಲಯದಲ್ಲಿ ದೂಳು ತಿನ್ನುತ್ತಿತ್ತು. ಅದನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಬೆಳಕಿಗೆ ಬಂತು, ಮೊಮ್ಮಕ್ಕಳು ಮರಿಮಕ್ಕಳು ತಮ್ಮ ಊರಿನ ಹೆಸರು ಹಾಕಿ ಹುಡುಕುವಂತಾಯಿತು. ಅದೇ ಯುದ್ಧದ ಸೆರೆಯಾಳುಗಳ ಬಗ್ಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಜಿನೀವಾದಲ್ಲಿ ಇಟ್ಟಿದ್ದ ಕಾರ್ಡುಗಳು 2014ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಧಾರವಾಡದ ವಿಶ್ವವಿದ್ಯಾಲಯದ ಇತಿಹಾಸ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಂಶೋಧನಾ ವಿಷಯ ಬೇಕೇ? ಶಿರಗುಪ್ಪಿ ಹೋಬಳಿಯನ್ನೇ ತೆಗೆದುಕೊಂಡು ಊರೂರಿಗೆ ಹೋಗಿ ಎರಡು ಕೆಲಸ ಮಾಡಬಹುದು. ಬಾಂಗ್ಲಾ ಯುದ್ಧಕ್ಕೆ ಹೋಗಿಬಂದವರಲ್ಲಿ ತೀರ ಕಿರಿಯರಿಗೂ ಈಗ ಎಪ್ಪತ್ತು ದಾಟಿದೆ; ಅವರನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು, ಒಂದೇ ದಿನದಲ್ಲಿ ಮುಗಿಸುವ ಅವಸರವಿಲ್ಲದೆ ಕೇಳಬೇಕು. ಅದಕ್ಕೂ ಹಿಂದಿನವರು ಬಿಟ್ಟುಹೋದದ್ದು ಟ್ರಂಕಿನ ತಳದಲ್ಲಿ ಇರಬಹುದು: ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಕಾಗದ, ಉರ್ದುವಿನಲ್ಲೋ ಮೋಡಿಯಲ್ಲೋ ಇಂಗ್ಲಿಷಿನಲ್ಲೋ ಬರೆದದ್ದು, ಮನೆಯವರು ಓದಲಾಗದೆ ಕಟ್ಟಿಟ್ಟದ್ದು. ಡಿಸ್ಚಾರ್ಜ್ ಪುಸ್ತಕದಲ್ಲಿ ಪಲ್ಟನ್ ಹೆಸರು ಮತ್ತು ಸಿಪಾಯಿ ನಂಬರು ಸಿಕ್ಕರೆ ಅಲ್ಲಿಂದ ಬೆಳಗಾವಿಯ ರೆಜಿಮೆಂಟ್ ಕೇಂದ್ರಕ್ಕೋ ಜಿನೀವಾದ ಕಾರ್ಡಿಗೋ ದಾರಿ ಹುಡುಕಬಹುದು. ಆ ಕಾಗದವನ್ನು ಗುಜರಿಯವನ ತಕ್ಕಡಿಗೆ ಹಾಕುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಂಡರೂ ಕೆಲಸ ಶುರುವಾದಂತೆಯೇ.